ಉಸ್ತಾದರ ನಾಲಿಗಿ

ಬಿಸಿಲು ಬೀಳದ, ಮಳಿ ತಾಗದ
ಕೋಟಿಯ ಮೂಲಿ ಮಣ್ಣು
ಕಣ್ಣಿಲೆ ನೋಡಿ ತರೂದಲ್ಲ.
ಚಿಟಿಕಿ ತಗೊಂಡು ನಾಲಿಗಿ ತುದಿಗಿಟ್ಟು
ಕಣ್ಣು ಮುಚ್ಚತಿದ್ರು ಮುನವ್ವರ್ ಉಸ್ತಾದ್.
‘ಆಗ್ತದ’ ಅಂದ್ರ ಚೀಲ ತುಂಬೂದು.
‘ಥೂ’ ಅಂದ್ರ ಅಲ್ಲೇ ಕೊಡವಿ ಬರೂದು.

ಹನ್ನೊಂದು ವರ್ಷ
ಅವರ ಬಿದ್ರಿ ಕಾರಖಾನಿಯೊಳಗ
ಬೆಳ್ಳಿ ತಂತಿ ಕೂಡಿಸಿದಾಕಿ ನಾ.
ಹೂಜಿಯ ಕುತ್ತಿಗಿಗಿ ಬಳ್ಳಿ,
ಮುಚ್ಚಳಕ್ಕ ಮೂರೆಸಳಿನ ಹೂವು.
ಉಳಿ ಕೊಟ್ರು, ಸುತ್ತಿಗಿ ಕೊಟ್ರು,
ಬೈಗಳ ಧಾರಾಳ ಕೊಟ್ರು,
ಮಣ್ಣಿನ ಡಬ್ಬಿ ಮಾತ್ರ ಮುಟ್ಟಗೊಡಲಿಲ್ಲ.
‘ಅದು ಕೈಕೆಲಸ ಅಲ್ಲ ಮಹಾನಂದಾ,
ಬಾಯಿಕೆಲಸ.
ಅಬ್ಬಾನ ಬಾಯಿಂದ ನನ್ನ ಬಾಯಿಗಿ ಬಂದದ್ದು.’

ಎರಡನೇ ಅಲೆಯ ಏಪ್ರಿಲ್.
ಚೌಬಾರದ ಸುತ್ತ ಒಂದು ಸೈಕಲ್ಲೂ ಇಲ್ಲ.
ಬ್ರಿಮ್ಸ್ ಕಡಿ ಓಡೋ ಗಾಡಿಯ ಕೂಗಿಗಿ
ಓಣಿ ನಾಯಿ ಸುದ್ದಾ ಬೊಗಳೂದು ಬಿಟ್ಟಿದ್ದವು.
ದಿಲ್ಲಿಯ ನಲವತ್ತು ಹೂದಾನಿ
ಒಂದು ಫೋನಿನ್ಯಾಗ ಸತ್ತವು.
ಉಸ್ತಾದರಿಗಿ ಜ್ವರ.
ಹದಿನಾರು ದಿನ, ಮೂಗಿಗಿ ನಳಿಗಿ.
ನಾ ಮನ್ಯಾಗ ಕೂತು
ತಂತಿಯ ತುಂಡು ಎಣಿಸಿದೆ, ಸುರುವಿದೆ,
ಮತ್ತ ಎಣಿಸಿದೆ.

ದೇವರ ಮುಂದ ಏನು ಬೇಡಿದೆ
ಅಂತ ಹೇಳಿದ್ರ ನಗತೀರಿ.
ಮೊದಲು ನೆನಪಾಗಿದ್ದು ಅವರ ಜೀವ ಅಲ್ಲ,
ಆ ನಾಲಿಗಿ.
ಆಮ್ಯಾಲ ನಾಚಿಕಿ ಬಂದು
ಇಡೀ ಮನುಷ್ಯನ್ನ ಬೇಡಿದೆ.

ಬಂದ್ರು.
ಅಂಗಿಯೊಳಗ ಅರ್ಧ ಆಗಿ ಬಂದ್ರು.
ಉಸಿರು ಬಂದಿತ್ತು, ರುಚಿ ಬಂದಿರಲಿಲ್ಲ.
‘ಚಹಾನೂ ಬಿಸಿನೀರು,
ಮಾವಿನಹಣ್ಣು ಅಂದ್ರ ಒದ್ದಿ ಹತ್ತಿ,
ಖೀರೂ ಒಂದೇ ಗುಳಿಗಿನೂ ಒಂದೇ.’

ಬಾಗಲ ತಗದ ದಿನ
ಡಾಕ್ಟರಮ್ಮ ಒಬ್ಬಾಕಿ ಬಂದು
ಏಳು ಸಣ್ಣ ಡಬ್ಬಿ ಬೇಕಂದ್ಳು,
ವಾರ್ಡು ಒರೆಸಿದ ಏಳು ಹೆಣ್ಣುಮಕ್ಕಳಿಗಿ.
ಉಸ್ತಾದರು ರೊಕ್ಕದ ಮಾತು ಆಡಲಿಲ್ಲ.
‘ಅದರಾಗ ಒಬ್ಬಾಕಿ
ನನ್ನ ಗಡ್ಡ ಬಾಚತಿದ್ಳು, ದಿನಾ ಮುಂಜಾನಿ.
ಹೆಸರು ಕೇಳಲಿಲ್ಲ.
ಮುಖ ನೋಡಲಿಕ್ಕೂ ಆಗಲಿಲ್ಲ,
ಪ್ಲಾಸ್ಟಿಕ್ಕಿನ್ಯಾಗ ಇದ್ಳು.
ಅದಕ್ಕ ಏಳೂ ಚಂದ ಆಗಬೇಕು.
ಅಕಿದು ಯಾವುದೋ ಯಾರಿಗಿ ಗೊತ್ತು?’

ಡಬ್ಬಿ ಮುಗದವು. ಮಣ್ಣು ತಗದ್ರು.
ಚಿಟಿಕಿ ಬಾಯಿಗಿಟ್ಟು ಕಣ್ಣು ಮುಚ್ಚಿದ್ರು,
ಭಾಳ ಹೊತ್ತು.
ಕಣ್ಣು ತೆರೆದು
ಡಬ್ಬಿ ನನ್ನ ಮುಂದ ಸರಿಸಿದ್ರು.
‘ನೀ ನೋಡು.’

ಉಪ್ಪು ಅಂದೆ.
‘ಉಪ್ಪು ಕುರಿಗೂ ತಿಳೀತದ. ಉಪ್ಪಿನ ಹಿಂದ?’
ಮುಂದಿನ ಸಲ ಹಿತ್ತಲ ಮಣ್ಣು ಕೊಟ್ಟು ಮೋಸ ಮಾಡಿದ್ರು.
‘ಆಗ್ತದ’ ಅಂದೆ, ಅವರಂಗೇ ಕಣ್ಣು ಮುಚ್ಚಿ.
ನಕ್ರು, ನಕ್ಕು ನಕ್ಕು ಕೆಮ್ಮಿದ್ರು,
ನಾ ಅಂಜಿ ಬೆನ್ನು ತಿಕ್ಕಿದೆ.

ಮತ್ತೊಂದು ಚಿಟಿಕಿ.
ಉಪ್ಪಿನ ಹಿಂದ ತಣ್ಣಗ ಒಂದು ಕಚ್ಚು.
ನಸುಕಿನ್ಯಾಗ ಹಿತ್ತಾಳಿ ಚರಗಿಯ ಅಂಚು
ತುಟಿಗಿ ತಾಗಿದಂಗ.
ಎಷ್ಟು ಕಾಲದ ಕತ್ತಲೋ ಅದು.
ಕದ ಹಾಕ್ಕೊಂಡು ಕೂತ ಎರಡು ವರ್ಷಕ್ಕ
ನಾ ಎಷ್ಟು ಬೈದಿದ್ದೆ.
ಈ ಮಣ್ಣು ಬಿಸಿಲೇ ಕಂಡಿಲ್ಲ,
ಅದಕ್ಕೇ ಇದಕ್ಕ ಇಷ್ಟು ಕಸುವು.

ನವಸಾಗರ ಕೂಡಿಸಿ ಕುದಿಸಿದೆ.
ಡಬ್ಬಿ ಅದ್ದುವಾಗ ಕೈ ನಡುಗಿತು.
ಹೊರಗ ತಗದ್ರ
ಸತುವು ಕಾಡಿಗಿಗಿಂತ ಕರ್ರಗ,
ಬೆಳ್ಳಿಗಿ ಒಂದು ಕಲಿ ಸುದ್ದಾ ಇಲ್ಲ.
ಉಸ್ತಾದರು ಏನೂ ಅನ್ನಲಿಲ್ಲ.
ಎಣ್ಣಿ ಬಟ್ಟಿ ನನ್ನ ಕೈಗಿ ಕೊಟ್ರು.

ಶ್ರಾವಣದಾಗ ಒಂದಿನ ನನ್ನ ಬುತ್ತಿಯ ಪುಂಡಿಪಲ್ಯ
ಒಂದು ತುತ್ತು ತಿಂದು ‘ಹುಳಿ’ ಅಂದ್ರು.
‘ಹುಳಿ ಅದ ಮಹಾನಂದಾ’ ಅಂದು
ಸಣ್ಣ ಹುಡುಗನಂಗ ರೊಟ್ಟಿ ಬಾಯಾಗಿಟಗೊಂಡು ಅತ್ರು.
ಉಪ್ಪು ಕಡಿಮಿ ಅಂತ ಬೈದ್ರು ಕೂಡ.

ಈಗ ಕೋಟಿಯಿಂದ ಚೀಲ ಬಂದ್ರ
ಇಬ್ಬರೂ ಚಿಟಿಕಿ ತಗೋತೀವಿ.
ನಾ ಕಣ್ಣು ಮುಚ್ಚತೀನಿ.
ಅವರು ಮುಚ್ಚೂದಿಲ್ಲ,
ನನ್ನ ಮುಖ ನೋಡ್ತಾರ.